ಮಾವನ ಕರೆಂಟ್ ಕಾರು ಮತ್ತು ಬ್ರೇಕಿನ ಮೊಕದ್ದಮೆ

ನಮ್ಮೂರಲ್ಲಿ ಹೊಸ ವಸ್ತು ನೋಡೋಕೆ ಹತ್ತು ಜನ ಬಂದರೆ ಬುದ್ಧಿ ಹೇಳೋಕೆ ನೂರು ಜನ ಬರುತ್ತಾರೆ. ನಮ್ಮ ಸೋದರಮಾವ ಬೆಂಗಳೂರಿಂದ ಸೆಕೆಂಡ್ ಹ್ಯಾಂಡಲ್ಲಿ ಆ ಹೈಬ್ರಿಡ್ ಕಾರು ತಂದ ದಿನದಿಂದ ಇಂಥದ್ದು ಒಂದಲ್ಲ ಒಂದು ನಡೀತಾನೇ ಇದೆ. ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಹೇಳುವಾಗಲೂ ಮೈ ಉರಿಯುತ್ತೆ.

ಆ ಕಾರಿಗೆ ಪೆಟ್ರೋಲೂ ಬೇಕು, ಹಿಂದಿನ ಸೀಟಿನ ಬೆನ್ನಿಗೆ ಒಂದು ದೊಡ್ಡ ಬ್ಯಾಟರಿಯೂ ಇದೆ. ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತುಂಬಿಕೊಳ್ಳುತ್ತೆ. ಇಷ್ಟು ನನಗೆ ಗೊತ್ತು. ಎಸ್ಸೆಲ್ಸಿ ಗಣಿತವೇ ನನ್ನನ್ನು ಬೇಡ ಅಂದ ಮೇಲೆ ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ.

ಸಿಗ್ನಲ್ಲಿನ ಪರೋಪಕಾರಿಗಳು

ಕಾರು ನಿಂತರೆ ಇಂಜಿನ್ ತಾನಾಗಿ ಆರಿಹೋಗುತ್ತೆ. ಬ್ರೇಕಿನಿಂದ ಕಾಲು ತೆಗೆದರೆ ತಾನಾಗಿ ಹತ್ತಿಕೊಳ್ಳುತ್ತೆ. ಶಿವಮೊಗ್ಗದ ಸಿಗ್ನಲ್ಲಿನಲ್ಲಿ ಮಾವ ಹಾಗೆ ನಿಂತಿದ್ದರು. ನಾನು ಪಕ್ಕದಲ್ಲಿದ್ದೆ. ಪಕ್ಕದ ಆಟೋದವನು ಕತ್ತು ಚಾಚಿದ.

"ಏನ್ ಸಾರ್, ಗಾಡಿ ಆಫಾಯ್ತಾ?"

"ಇಲ್ಲಪ್ಪ, ಇದು ತಾನೇ ಆಫಾಗೋ ಗಾಡಿ."

"ಅದನ್ನೇ ಸಾರ್ ನಾನೂ ಹೇಳ್ತಿರೋದು, ತಾನೇ ಆಫಾಗಿದೆ. ಲೋ ಬನ್ರೋ!"

ಎಳನೀರಿನವನು ಬಂದ, ಇನ್ನೊಬ್ಬ ಬಂದ. ಇಂಥ ಕಾರ್ಯಕ್ಕೆ ನಾನು ಹಿಂದೆ ಬೀಳೋದುಂಟೇ? ಇಳಿದು ಹೋಗಿ "ಐಸಾ!" ಅಂತ ಕೂಗಿದೆ. ಕಾರು ಅಲ್ಲಾಡಲಿಲ್ಲ.

"ಬ್ರೇಕ್ ಬಿಡಿ ಸಾರ್! ಬ್ರೇಕ್ ಹಿಡ್ಕೊಂಡು ತಳ್ಳಿಸ್ಕೊಂಡ್ರೆ ಹೆಂಗೆ?"

ಗಾಬರಿಯಲ್ಲಿ ಮಾವ ಬ್ರೇಕ್ ಬಿಟ್ಟರು. ಇಂಜಿನ್ ಹತ್ತಿಕೊಂಡು ಕಾರು ಮುಂದೆ ನುಗ್ಗಿತು, ತಳ್ಳುತ್ತಿದ್ದ ಮೂವರೂ ಹಿಂದೆ ಅಡ್ಡಬಿದ್ದರು. ಪೊಲೀಸಿನವನು ಓಡಿಬಂದು, "ರೆಡ್ ಕಾಣಲ್ವೇನ್ರೀ ಯಜಮಾನ್ರೇ?" ಅಂತ ಮಾವನಿಗೆ ಬೈದ. ತಪ್ಪು ಯಾರದ್ದು, ಬೈಗುಳ ಯಾರಿಗೆ!

ಆಟೋದವನು ಮಂಡಿ ಕೊಡವಿಕೊಂಡು ಎದ್ದು ಪೊಲೀಸಿನವನಿಗೆ ಹೇಳಿದ. "ಬಿಡಿ ಸಾರ್, ನಾವು ತಳ್ಳಿದ್ದಕ್ಕೆ ಗಾಡಿ ಸ್ಟಾರ್ಟಾಯ್ತು. ಒಂದು ಥ್ಯಾಂಕ್ಸ್ ಹೇಳ್ಸಿ ಕಳ್ಸಿ."

ಪಾಟೀ ಸವಾಲು

ವಿನೋಬನಗರದಲ್ಲಿ ಮನೆ ಕಟ್ಟಿ ಸಿಮೆಂಟ್ ಉಳಿದವರೆಲ್ಲ ತಮ್ಮ ಗೇಟಿನ ಮುಂದೆ ಒಂದು ಹಂಪ್ ಹಾಕಿಸುತ್ತಾರೆ. ಮಾವನ ಬೀದಿಯಂತೂ ಒಂಟೆಯ ಬೆನ್ನು. ಆ ಕಾರಿಗೋ ಒಂದು ರೋಗ. ಬ್ರೇಕ್ ಒತ್ತಿದಾಗಲೇ ಚಕ್ರ ಹಂಪಿನ ಮೇಲೋ ಗುಂಡಿಯಲ್ಲೋ ಕುಪ್ಪಳಿಸಿತು ಅನ್ನಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಬ್ರೇಕ್ ಕೈಬಿಡುತ್ತೆ. ಹಿಂದಿನಿಂದ ಯಾರೋ ಒದ್ದ ಹಾಗೆ ಕಾರು ಮುಂದೆ ಹೋಗುತ್ತೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹಿಡಿಯುತ್ತೆ.

ಒಂದು ಭಾನುವಾರ ಬೆಳಿಗ್ಗೆ ನಾನು ಮಾವನ ಪಕ್ಕದಲ್ಲಿ ಕೂತಿದ್ದಾಗಲೇ ಹಾಗಾಯಿತು. ಎದುರು ಮನೆಯವರು ಮಂಚದ ಮೇಲೆ ಒಣಹಾಕಿದ್ದ ಹಪ್ಪಳ ಮಂಚದ ಸಮೇತ ಪುಡಿಯಾಯಿತು.

ಮಾವನ ಅಳಿಯ, ಅಂದರೆ ನನ್ನ ಭಾವ, ವಕೀಲರು. ಮಧ್ಯಾಹ್ನ ಊಟದೆಲೆಯ ಮುಂದೆಯೇ ಕೋರ್ಟು ಶುರುಮಾಡಿದರು.

"ಮಾವ, ಘಟನೆಯ ವೇಳೆ ನಿಮ್ಮ ಕಾಲು ಬ್ರೇಕ್ ಮೇಲಿತ್ತೇ? ಹೌದು ಅಥವಾ ಇಲ್ಲ."

"ಹೌದು."

"ಗಾಡಿ ನಿಂತಿತೇ?"

"ಇಲ್ಲ, ಆದ್ರೆ..."

"ಇಲ್ಲ. ಅಷ್ಟು ಸಾಕು. ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿದ್ದೀರಿ. ವಯಸ್ಸಾಯ್ತು ಮಾವ."

ನನಗೆ ತಡೆಯಲಿಲ್ಲ. "ಭಾವ, ನಾನು ಕಣ್ಣಾರೆ ನೋಡಿದೀನಿ. ಕಾಲು ಬ್ರೇಕ್ ಮೇಲೇ ಇತ್ತು."

"ಟೀವಿಯೊಳಗೆ ಹಲ್ಲಿ ಮರಿ ಹಾಕಿದೆ ಅಂತ ಅತ್ತೆ ಕೈಲಿ ಟೀವಿ ಬಿಚ್ಚಿಸಿದ ಮಹಾನುಭಾವ ಇವನೇ ಅಲ್ವಾ? ಈ ಸಾಕ್ಷಿ ಬೇಡ."

ಹಲ್ಲಿ ಸುಳ್ಳು, ಒಪ್ಪಿದೆ. ಅದಕ್ಕೆ ಬ್ರೇಕೂ ಸುಳ್ಳಾಗಬೇಕಾ? ಭಾವ ಕೀ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. "ಇನ್ಮೇಲೆ ನಾನೇ ಓಡಿಸ್ತೀನಿ." ನಾನು ಹುಟ್ಟುವ ಮೊದಲಿನಿಂದ ಜೀಪು, ಲಾರಿ, ಟ್ರ್ಯಾಕ್ಟರು ಎಲ್ಲ ಓಡಿಸಿದ ಮನುಷ್ಯ ನಮ್ಮ ಮಾವ. ಅನ್ನ ಕಲಸುತ್ತ ಕೂತರು. ನನಗೆ ಎಲೆ ಎತ್ತಿ ಎಸೆಯೋಣ ಅನ್ನಿಸಿತು.

ಅಷ್ಟರಲ್ಲಿ ಹಪ್ಪಳ ಬಡಿಸುತ್ತ ಬಂದ ಅತ್ತೆ ಮಾವನ ಎಲೆ ದಾಟಿ ಮುಂದೆ ಹೋದರು.

"ನಿಮಗೆ ಬೇಡ ರೀ. ಬೆಳಿಗ್ಗೆಯೇ ಒಂದು ಮಂಚ ಆಗಿದೆ."

ಹಾವಿನ ದೀಪ

ಆಮೇಲೆ ಮಾವ ಅಂಗಡಿಗೆ ಸಿಟಿ ಬಸ್ಸಲ್ಲಿ ಹೋಗತೊಡಗಿದರು. ಸ್ವಂತ ಕಾರು ಮನೆ ಮುಂದೆ, ಯಜಮಾನರು ಬಸ್ಸಿನ ಕಂಬಿಗೆ! ರೋಗ ಕಾರಿನದ್ದು, ಮಾವನದ್ದಲ್ಲ ಅಂತ ತೋರಿಸಲೇಬೇಕೆಂದು ನಾನೇ ಹಟ ಹಿಡಿದು ಎಲ್ಲರನ್ನೂ ಜನ್ನಾಪುರದ ಹಳೇ ಮೆಕ್ಯಾನಿಕ್ ಹತ್ತಿರ ಹೊರಡಿಸಿದೆ. ಅವನು ಬಾನೆಟ್ ಎತ್ತಿ ಕಿತ್ತಳೆ ಬಣ್ಣದ ದಪ್ಪ ವೈರ್ ನೋಡಿದವನೇ ಮುಚ್ಚಿಬಿಟ್ಟ.

"ಸಾಮಿ, ಇದಕ್ಕೆ ಲೈನ್‌ಮನ್ ಕರೀರಿ."

"ಬರೀ ಬ್ರೇಕ್ ನೋಡು ಮಾರಾಯ," ಅಂದರು ಮಾವ.

"ಮೇನ್ ಆಫ್ ಮಾಡ್ಸಿ, ನೋಡ್ತೀನಿ."

"ಮೇನು ಕಾರೊಳಗೇ ಇದೆಯಲ್ಲೋ!"

"ಹಂಗಾದ್ರೆ ಲೈನ್‌ಮನ್ನೂ ಒಳಗೇ ಇರ್ತಾನೆ, ಕೇಳಿ ನೋಡಿ."

ವಾಪಸ್ ಬರುವಾಗ ಪೈಪಿಗೆ ಅಗೆದ ರಸ್ತೆಯ ಕೆಸರಿನಲ್ಲಿ ಚಕ್ರ ಗರಗರ ತಿರುಗಿತು. ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಮಿನುಗಿತು. ಕಾರಿನ ಚಿತ್ರ, ಅದರ ಹಿಂದೆ ಎರಡು ಡೊಂಕು ಗೆರೆ. ಗಾಡಿ ಜಾರುತ್ತಿದೆ ಅಂತ ಅದರ ಅರ್ಥ.

"ಏನೋ ಅದು?" ಅತ್ತೆ ಕೇಳಿದರು.

ನನಗೆ ಮೊದಲೇ ತಲೆ ಕೆಟ್ಟಿತ್ತು. "ಹಾವು ಅತ್ತೆ, ಎರಡು. ಕಾರಿನ ಹಿಂದೆ ಬಿದ್ದಿವೆ," ಅಂದೆ.

ಮುಗೀತು. ದಾರಿಯಲ್ಲಿ ಸಿಕ್ಕ ಮೊದಲ ನಾಗರಕಟ್ಟೆ ಹತ್ತಿರ ಕಾರು ನಿಲ್ಲಿಸಿ, ಭಾವನ ಕೈಯಿಂದಲೇ ಅತ್ತೆ ಹಾಲೆರೆಸಿದರು. ಅತ್ತೆಯ ಮುಂದೆ ವಕೀಲರ ಬಾಯಿಗೂ ಬೀಗ. ನೋಡಿ ನ್ಯಾಯ! ನನ್ನ ಸುಳ್ಳಿಗೆ ಒಂದು ಚೊಂಬು ಹಾಲು. ನನ್ನ ನಿಜಕ್ಕೆ ಒಂದು ಲೋಟ ನೀರೂ ಇಲ್ಲ.

ಹುರುಳಿ

ಫಾರಿನ್ನಿನಲ್ಲಿ ಹಿಮ ಬಿದ್ದು ಕಾರು ಜಾರುತ್ತವಂತೆ. ನಮಗೆ ಹಿಮ ಯಾಕೆ, ಹುರುಳಿ ಸಾಕು. ಸುಗ್ಗಿಯಲ್ಲಿ ಹುರುಳಿ ಗಿಡವನ್ನು ಟಾರು ರಸ್ತೆಗೇ ಹರಡಿಬಿಡುತ್ತಾರೆ. ಬಸ್ಸು, ಲಾರಿ ಮೇಲೆ ಹತ್ತಿ ಹೋದರೆ ಕಾಳು ತಾನೇ ಬಿಡುತ್ತೆ.

ಗೃಹಪ್ರವೇಶಕ್ಕೆ ಶಂಕರಘಟ್ಟದ ಕಡೆ ಹೊರಟಿದ್ದೆವು. ಭಾವ ಸ್ಟಿಯರಿಂಗಿನಲ್ಲಿ, ಮಾವ ಪಕ್ಕದಲ್ಲಿ, ನಾನೂ ಅತ್ತೆಯೂ ಹಿಂದೆ. "ಬ್ರೇಕ್ ಒತ್ತೋದು ಹೇಗೆ ಅಂತ ನೋಡ್ಕೊಳ್ಳಿ ಮಾವ," ಅಂತ ಭಾವ ದಾರಿಯುದ್ದಕ್ಕೂ ಪಾಠ. ಮಾವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ತಿರುವಿನಾಚೆ ರಸ್ತೆ ತುಂಬ ಹುರುಳಿ. ಭಾವ ಬ್ರೇಕ್ ಒತ್ತಿದರು. ಎಣ್ಣೆ ಸವರಿದ ಹಲಗೆ ಮೇಲಿನ ಸೋಪಿನ ಹಾಗೆ ಕಾರು ಸದ್ದಿಲ್ಲದೆ ಜಾರಿ, ಅರ್ಧ ಸುತ್ತು ತಿರುಗಿ, ಬದಿಯಲ್ಲಿ ಒಟ್ಟಿದ್ದ ರಾಶಿಯೊಳಗೆ ಮೂತಿ ತೂರಿಸಿ ನಿಂತಿತು.

ಕವೆಗೋಲು ಹಿಡಿದ ಜನ ಓಡಿಬಂದರು. ಮುಂದೆ ಒಬ್ಬ ಅಜ್ಜಿ, ಸೊಂಟಕ್ಕೆ ಸೆರಗು ಬಿಗಿದವಳು. "ಯಾರ್ರೀ ಅದು ಓಡಿಸ್ತಿದ್ದೋರು?"

ನಾವೆಲ್ಲ ಆಗಲೇ ಇಳಿದಿದ್ದೆವು, ಭಾವ ಕಾರಿನ ಈಚೆ ಬದಿಗೆ ಬಂದು ನಿಂತಿದ್ದರು. ಕವೆಗೋಲು ನೋಡಿದರು. ಮಾವನ ಕಡೆ ಬೆರಳು ತೋರಿಸಿದರು.

"ಇವರು. ವಯಸ್ಸಾಗಿದೆ, ಕ್ಷಮಿಸ್ಬಿಡಿ."

ನನಗೆ ಪಿತ್ತ ನೆತ್ತಿಗೇರಿತು. "ಸುಳ್ಳು! ಓಡಿಸಿದ್ದು..."

"ಇವನ ಮಾತು ನಂಬ್ಬೇಡಿ ಅಜ್ಜಿ, ಇವನು ತಮಾಷೆ ಗಿರಾಕಿ," ಅಂದರು ಭಾವ.

ಅಜ್ಜಿ ನಮ್ಮ ಜಗಳ ಕೇಳಲೇ ಇಲ್ಲ. ಬಗ್ಗಿ ಚಕ್ರದ ಅಡಿಯಿಂದ ಒಂದು ಹಿಡಿ ತೆಗೆದು ಊದಿದಳು. ಹೊಟ್ಟು ಹಾರಿ ಅಂಗೈಯಲ್ಲಿ ಕಾಳು ಉಳಿಯಿತು.

"ಬೆಳಗಿಂದ ಕಾಯ್ತಿದೀನಿ, ಹಾಳಾದೋರು ಎಲ್ಲ ಬದಿಯಲ್ಲೇ ತೂರಿ ಹೋಗ್ತಾರೆ. ನೀವೊಬ್ರೇ ನೋಡಿ ಯಜಮಾನ್ರೇ, ತಿರುಗ್ಸಿ ತಿರುಗ್ಸಿ ತುಳಿಸಿದ್ದು! ಓಡಿಸಿದ ಕೈಯಿಂದಲೇ ಇನ್ನು ನಾಲ್ಕು ಸುತ್ತು ಹಾಕ್ಬಿಡಿ, ಪುಣ್ಯ ಬರುತ್ತೆ."

ಮಾವ ಭಾವನ ಮುಂದೆ ಕೈ ಚಾಚಿದರು. "ಕೀ ಕೊಡಿ ಅಳಿಯಂದಿರೇ."

ಊರಿನವರೆಲ್ಲ ಸುತ್ತ ನಿಂತಿದ್ದಾರೆ. ಓಡಿಸಿದ್ದು ನಾನು ಅಂತ ಭಾವ ಅನ್ನುವ ಹಾಗಿಲ್ಲ, ಕೊಡಲ್ಲ ಅನ್ನುವ ಹಾಗೂ ಇಲ್ಲ. ಭಾವ ಕೀ ಕೊಟ್ಟರು. ಮಾವ ಸ್ಟಿಯರಿಂಗ್ ಹಿಡಿದು ಹುರುಳಿಯ ಮೇಲೆ ಹಿಂದೆ ಮುಂದೆ, ಹಿಂದೆ ಮುಂದೆ, ಮದುವೆ ಗಂಡಿನ ಗತ್ತಿನಲ್ಲಿ ಓಡಿಸಿದರು. ಭಾವ ಮೆಲ್ಲನೆ ಕಾರು ಹತ್ತಲು ಹೋದರೆ ಅಜ್ಜಿ ಅವರ ಕೈಗೆ ಪೊರಕೆ ಕೊಟ್ಟಳು.

"ಸುಮ್ನೆ ನಿಲ್ಬೇಡಪ್ಪ, ಬದಿಗೆ ಸಿಡಿದ ಕಾಳು ಗುಡಿಸು."

ಇಸ್ತ್ರಿ ಅಂಗಿಯ ವಕೀಲರು ಬಗ್ಗಿ ನಾಲ್ಕು ಸಲ ಗುಡಿಸಿದರು. ಕಾಳೆಲ್ಲ ಚರಂಡಿಗೆ ಹೋಯಿತು. ಅಜ್ಜಿ ಹಣೆ ಚಚ್ಚಿಕೊಂಡು ಕಾರಿನ ಕಿಟಕಿಯ ಹತ್ತಿರ ಓಡಿದಳು.

"ಯಜಮಾನ್ರೇ, ನಿಮ್ಮ ಅಳಿಯನಿಗೆ ಪೊರಕೆ ಹಿಡಿಯೋಕೂ ಬರಲ್ಲ. ಅಪ್ಪಿತಪ್ಪಿ ಈ ಗಾಡಿ ಗೀಡಿ ಕೊಟ್ಟೀರಾ, ಹುಷಾರು!"