ಮುಲುಂಡಜ್ಜಿಯ ಮುಟ್ಟಿನ ಕಷಾಯ

ಸಾನಿಕಾ, ಓಂಕಾರ, ನಿಮ್ಮ ಮುಲುಂಡಜ್ಜಿಯಷ್ಟು ಔಷಧ ಕುಡಿದವರು ಮುಂಬೈಯಲ್ಲಿ ಇನ್ನೊಬ್ಬರಿಲ್ಲ. ಅದೂ ತಮಗಿಲ್ಲದ ರೋಗಕ್ಕೆ! ಓಂಕಾರ, ಮುಟ್ಟಿನ ಮಾತೆಂದು ಎದ್ದು ಹೋಗಬೇಡ. ನಾಚಿಕೆ ನನಗೂ ಇದೆ, ಆದರೆ ಸಿಟ್ಟು ಅದಕ್ಕಿಂತ ದೊಡ್ಡದು.

ಅವರು ನಿಮ್ಮ ಅಜ್ಜನ, ಅಂದರೆ ನನ್ನ ಯಜಮಾನರ, ಅಕ್ಕ; ಮನೆ ಮುಲುಂಡದಲ್ಲಿ. ಅವರ ಬಿಲ್ಡಿಂಗಿನ ಯಾವ ಹುಡುಗಿ ಹೊಟ್ಟೆ ಹಿಡಿದು ಕೂತರೂ ಕಷಾಯ ತಯಾರು. ಶುಂಠಿ, ಅಜವಾನ, ಬೆಲ್ಲ ನನಗೂ ಗೊತ್ತು. ಮೇಲೊಂದು ಕಂದು ಪುಡಿ. ಅದೇನೆಂದು ಸ್ವಂತ ಮಗಳಿಗೂ ಹೇಳಿಲ್ಲ.

"ಏನರ ಅಪಾಯ ಆದ್ರ, ಅಕ್ಕಾ?" ಎಂದು ಒಮ್ಮೆ ಕೇಳಿದೆ.

"ಕೊಡೂಕಿಂತ ಮೊದಲ ನಾನs ಕುಡದು ತಾಸು ಕಾಯತೀನಿ. ನನ್ನ ಹೊಟ್ಟಿ ಒಂದೀಟೂ ನೋಯಂಗಿಲ್ಲ."

ಮುಟ್ಟು ನಿಂತು ಇಪ್ಪತ್ತು ವರ್ಷವಾದ ಹೊಟ್ಟೆ ಯಾಕೆ ನೋಯಬೇಕು?

ಕೆಳಮನೆಯ ಹುಡುಗಿ ಕುಡಿದು ವಾಂತಿ ಮಾಡಿಕೊಂಡಳು. "ನೋವು ಹೋತಿಲ್ಲೋ?" ಎಂದರು ಅಕ್ಕ. ವಾಂತಿಯ ಗದ್ದಲದಲ್ಲಿ ನೋವು ನೆನೆಯಲು ಆಕೆಗೆ ಪುರಸೊತ್ತೆಲ್ಲಿ!

ಸಾನಿಕಾ, ನೀನು ನಾಲ್ಕು ತಿಂಗಳು ಅದನ್ನೇ ಕುಡಿದೆ. ಆದರೂ ನೋವಿಗೆ ತಿಂಗಳಿಗೆ ಎರಡು ದಿನ ಕಾಲೇಜು ತಪ್ಪಿತು. ಅವರು ಪುಡಿ ಹೆಚ್ಚಿಸುತ್ತಲೇ ಹೋದರು. ಎಂದೂ ಎದುರಾಡದ ನಾನು ಲೋಟ ಕಸಿದು ಮೋರಿಗೆ ಸುರಿದೆ. ನಿನ್ನನ್ನು ಕರೆದುಕೊಂಡು ಲೇಡಿ ಡಾಕ್ಟರ ಹತ್ತಿರ ಹೊರಟೆ.

"ನಾನೂ ಬರ್ತೀನಿ. ಆಕಿಗೇನ ತಿಳೀತದ, ನೋಡೂಣು," ಎಂದು ಪುಡಿಯ ಡಬ್ಬಿ ಹಿಡಿದು ಬಂದರು.

ಡಾಕ್ಟರಬಾಯಿಗೆ ನಮ್ಮ ಭಾಷೆ ಬರುತ್ತಿತ್ತು. "ಇದರಲ್ಲಿ ಏನೇನಿದೆ?" ಎಂದರು.

"ಮನಿ ಔಷಧರೀ. ಏನೂ ಆಗಂಗಿಲ್ಲ."

"ಏನಿದೆ ಅಂತ ತಿಳಿಯದೆ ಮಾತ್ರೆ ಹೇಗೆ ಕೊಡಲಿ? ಎರಡೂ ಸೇರಿ ತೊಂದರೆ ಆಗಬಹುದು."

ಅಕ್ಕ ಗೋಡೆ ನೋಡಿದರು. "ನನಗೂ ಗೊತ್ತಿಲ್ಲರೀ. ದಾದರದ ಅಂಗಡ್ಯಾಗ ಪುಡಿ ಮಾಡಿದ್ದs ಸಿಗತದ."

ಇಷ್ಟು ವರ್ಷ ಕಾಪಾಡಿದ ಗುಟ್ಟು ಇದು! ಕ್ಲಿನಿಕ್ ಅಲ್ಲದಿದ್ದರೆ ನಾನು ಏನಂದುಬಿಡುತ್ತಿದ್ದೆನೋ.

ಪುಡಿ ನಿಲ್ಲಿಸಲು ಹೇಳಿ, ಡಾಕ್ಟರಬಾಯಿ ಪೆನ್ನು ಹಿಡಿದರು. "ನೋವು ಎಲ್ಲಿ ಶುರುವಾಗುತ್ತದೆ?"

ನೀನು ಬಾಯಿ ತೆರೆಯುವ ಮೊದಲೇ ಅಕ್ಕ ಶುರು ಮಾಡಿದರು. "ಸೊಂಟದಾಗ. ತೊಡಿಗೆ ಇಳೀತದ. ಕಣ್ಣು ಕತ್ತಲಿಡತಾವ. ಆದರೂ ಬಾವಿಯಿಂದ ನೀರು ಹೊರೂದು ಬಿಡೂ ಹಂಗಿಲ್ಲ."

"ಅಜ್ಜಿ, ಮೇರೇಕೋ ಐಸಾ ನಹೀ ಹೋತಾ," ಎಂದೆ ನೀನು. "ನಂಗೆ ಹಾಗಾಗಲ್ಲ, ನಂದು ಬರೀ ಹೊಟ್ಟೆ."

ಪೆನ್ನು ನಿಂತಿತು. "ಹಾಗಾದರೆ ಇದು ಯಾರ ನೋವು?"

ಅಕ್ಕ ಸೆರಗಿನ ಅಂಚು ಸುತ್ತುತ್ತ ಕೂತರು. "ನನಗ ಹನ್ನೆರಡನೇ ವರ್ಷಕ್ಕ ಸುರು ಆಗಿತ್ತರೀ. ಎಲ್ಲಿ ನೋಯತದ ಅಂತ ಯಾರೂ ಕೇಳಿದ್ದಿಲ್ಲ."

ನೀನು ಎದ್ದು ನಿನ್ನ ಸ್ಟೂಲನ್ನು ಅವರಿಗೆ ಬಿಟ್ಟುಕೊಟ್ಟೆ. ಡಾಕ್ಟರಬಾಯಿ ಹೊಸ ಹಾಳೆ ತೆಗೆದು, ಹೆಸರು ಕೇಳಿ, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡರು. ನಿನ್ನ ಸರದಿ ಆಮೇಲೆ ಬಂತು. ಈಗ ನಿನ್ನ ಕಾಲೇಜು ತಪ್ಪುತ್ತಿಲ್ಲ.

ಆ ಹಾಳೆ ಕ್ಲಿನಿಕ್ಕಿನಲ್ಲೇ ಉಳಿಯಿತು. ನಾನು ಬರೆದ ಈ ಹಾಳೆಗಳನ್ನಾದರೂ ನೀವಿಬ್ಬರು ಜೋಪಾನ ಮಾಡಿ.