ತಲೆಕೆಳಗಾಗಿ ಓಡಿದ ಹೆಬ್ಬೆರಳು

ಒಬ್ಬ ದರ್ಜಿಗೆ ಬಲಗೈ ಹೆಬ್ಬೆರಳು ಮುರಿಯುವುದಕ್ಕಿಂತ ದೊಡ್ಡ ಕಷ್ಟ ಒಂದೇ: ಹೆಂಡತಿ ತನಗಿಂತ ಚೆನ್ನಾಗಿ ಬಟ್ಟೆ ಕತ್ತರಿಸುವುದು. ನನಗೆ ಎರಡೂ ಒಟ್ಟಿಗೇ ಬಂದವು. ಅಟ್ಟದ ಮೇಲಿನ ಬಟ್ಟೆಯ ಥಾನು ಇಳಿಸಲು ಹೋಗಿ ಸ್ಟೂಲಿನ ಸಮೇತ ನೆಲ ಕಂಡೆ. ಪಟ್ಟಿ ಬಿಚ್ಚಿದ ಮೇಲೂ ಬೆರಳು ಗೂಟದ ಹಾಗೆ ಸೆಟೆದೇ ಇತ್ತು. ಕತ್ತರಿ ಹೆಂಡತಿಯ ಕೈ ಸೇರಿತು. (ಮನೆಯ ಆಡಳಿತ ಮೊದಲಿನಿಂದಲೂ ಅವಳದೇ. ನನ್ನ ಪಾಲಿಗೆ ಉಳಿದಿದ್ದು ಕತ್ತರಿಯೊಂದೇ.) ಎರಡೇ ವಾರದಲ್ಲಿ ಗಿರಾಕಿಗಳು ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತು, "ಈ ಸಲ ಭುಜ ಎಷ್ಟು ಚೆನ್ನಾಗಿ ಕೂತಿದೆ!" ಎನ್ನತೊಡಗಿದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ದಿನಕ್ಕೆ ಐನೂರು ಸಲ ಬೆರಳು ಮಡಚಿ. ಮೂರು ವಾರಕ್ಕೆ ಕತ್ತರಿ ಹಿಡೀಬಹುದು," ಎಂದಿದ್ದರು ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ. ಐವತ್ತಕ್ಕೇ ನನಗೆ ಆಕಳಿಕೆ ಬರುತ್ತಿತ್ತು. ಅದನ್ನು ನೋಡಲಾರದೆ ಮಗಳು ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟಳು.

"ಅಪ್ಪಾ, ಇವನು ಓಡ್ತಾನೇ ಇರ್ತಾನೆ. ಹಳ್ಳ ಬಂದ್ರೆ ಹೆಬ್ಬೆರಳಿಂದ ಒತ್ತು, ಚಾವಣಿಗೆ ಹಾರಿ ತಲೆಕೆಳಗಾಗಿ ಓಡ್ತಾನೆ. ಮತ್ತೆ ಒತ್ತಿದ್ರೆ ನೆಲಕ್ಕೆ ಬರ್ತಾನೆ."

ಮೊದಲೆರಡು ದಿನ ಆ ಪಾಪದವನು ಮೊದಲ ಹಳ್ಳದಲ್ಲೇ ಸತ್ತ. ಮೂರನೆಯ ದಿನ ಏನು ಮಾಯವೋ, ಓಟ ಸರಾಗವಾಯಿತು. ಅಬ್ಬಾ, ಅದೆಂಥ ಸುಖ! ನೆಲ ಕೈಕೊಟ್ಟರೆ ಚಾವಣಿ ಇದೆ, ಚಾವಣಿ ಮುಗಿದರೆ ನೆಲ ಇದೆ, ಸತ್ತರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಓಟ. ಬದುಕಿನಲ್ಲಿ ಯಾರೂ ನನ್ನನ್ನು ಇಷ್ಟು ಉದಾರವಾಗಿ ನಡೆಸಿಕೊಂಡಿರಲಿಲ್ಲ. ಸ್ಟೂಲಿನಿಂದ ಬೀಳುವಾಗ ಈ ಸೌಕರ್ಯ ಇದ್ದಿದ್ದರೆ!

"ರೀ, ಈ ಗುಂಡಿಗಳನ್ನಾದ್ರೂ ಆರಿಸಿ ಕೊಡ್ತೀರಾ?"

"ಚಿಕಿತ್ಸೆ ನಡೀತಿದೆ ಕಣೇ!"

"ಚಿಕಿತ್ಸೆಗೆ ಯಾರಾದ್ರೂ ಹೀಗೆ ಕಿರುಚ್ತಾರಾ?"

"ಚಾವಣಿ ಮೇಲಿದ್ದೀನಿ, ಮಾತಾಡಿಸ್ಬೇಡ!"

ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಕೈ ನೋಡಿ, ಸಣ್ಣಗೆ ನಕ್ಕು, ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕುತ್ತಾ ಕೂತಳು.

ಮೂರು ವಾರ ಮುಗಿದ ದಿನ ಗುರುತ್ವಾಕರ್ಷಣೆಯನ್ನೇ ಗೆದ್ದ ನಾನು ಹೆಂಡತಿಯೊಡನೆ ಜಂಬದಿಂದ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಬೆರಳು ಮಡಚಲು ನೋಡಿದರು. ಅದು ಜಗ್ಗಲಿಲ್ಲ.

"ಏನೂ ಮಾಡೇ ಇಲ್ವಾ ನೀವು?"

"ಅಯ್ಯೋ, ಮೊಬೈಲ್ ಆಟದಲ್ಲಿ ಸಾವಿರಾರು ಸಲ ಒತ್ತಿದ್ದೀನಿ ಡಾಕ್ಟರೇ!"

"ಎಲ್ಲಿ, ಆಡಿ ತೋರ್ಸಿ."

ಎಪ್ಪತ್ತು ಹಳ್ಳ ದಾಟಿಸಿ ಹೆಮ್ಮೆಯಿಂದ ತಲೆಯೆತ್ತಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನೂ ನೋಡಿಕೊಂಡೆ. ಬಲಗೈ ಮೊಬೈಲು ಹಿಡಿದುಕೊಂಡು ತೆಪ್ಪಗಿತ್ತು. ಒತ್ತುತ್ತಿದ್ದದ್ದು ಎಡಗೈ ಹೆಬ್ಬೆರಳು!

"ಎಡಗೈ ಬಹಳ ಚೆನ್ನಾಗಿದೆ," ಎಂದರು ಅವರು, ನಗು ತಡೆದುಕೊಂಡು. "ಈಗ ಬಲಗೈಲಿ ಆಡಿ."

ಹತ್ತು ಸಲ ಸತ್ತ. ಹನ್ನೊಂದನೆಯ ಸಲ ನನ್ನ ಬೆರಳು ನೋವಿನಲ್ಲೇ ಕೂದಲೆಳೆಯಷ್ಟು ಬಾಗಿತು, ಅವನು ಚಾವಣಿ ಮುಟ್ಟಿದ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

"ಸರಿಹೋಗುತ್ತೆ. ಇನ್ನೊಂದು ತಿಂಗಳು ಹೀಗೇ ಆಡಿ," ಎಂದರು ಡಾಕ್ಟರಮ್ಮ.

ಮೆಟ್ಟಿಲಿಳಿಯುವಾಗ ಹೆಂಡತಿಯನ್ನು ಕೇಳಿದೆ: "ಮೂರು ವಾರ ಎದುರಿಗೇ ಕೂತಿದ್ದೆಯಲ್ಲ, ನಿನಗೂ ಕಾಣ್ಲಿಲ್ವೇನೇ?"

"ಮೂರನೇ ದಿನವೇ ಕಾಣ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕತ್ತರಿ ವಾಪಸ್ ಕೊಡ್ಬೇಕಾಗಿತ್ತಲ್ರೀ," ಎಂದು ಅವಳು ಅಂಗಡಿಯ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದಳು.