ಪಾಂಡುರಂಗರಾಯರ ಶುಕ್ರವಾರ

ಕೋಟು ಝಾಡಿಸುವಾಗ ಕಿಸೆಯಿಂದ ಉಗುರಿನಷ್ಟು ನೀಲಿ ಚೂರೊಂದು ಬಿದ್ದದ್ದೇ ಎಲ್ಲಕ್ಕೂ ಮೂಲ. ಮಥುರಾಬಾಯಿ ಅದನ್ನು ಬಿಸಿಲಿಗೆ ಹಿಡಿದರು. ಫಳಫಳ ಹೊಳೆಯಿತು. ಅವರ ಕೈಯಲ್ಲಿದ್ದ ಬಳೆಗಳೆಲ್ಲ ಹಸಿರು.

“ಶಿವಕಾಂತಮ್ಮಾ, ಜರಾ ಬರ್ರಿ ಇಲ್ಲಿ.”

ಪಕ್ಕದ ಮನೆಯ ಶಿವಕಾಂತಮ್ಮ ಕರೆಯುವ ಮೊದಲೇ ಹೊಸ್ತಿಲಲ್ಲಿದ್ದರು. ಚೂರನ್ನು ಅಕ್ಕಸಾಲಿಗನಂತೆ ತಿರುವಿ ನೋಡಿ ತೀರ್ಪು ಕೊಟ್ಟರು. “ಬಳಿ ಚೂರು. ಭಾರೀ ನಮೂನಿ ಬಳಿ. ನಿಮ್ಮವರು ಶುಕ್ರವಾರಕ್ಕೊಮ್ಮೆ ಎಲ್ಲಿ ಹೋಗ್ತಾರ ಅಂದ್ರಿ?”

“ಕಮಲಾಪುರಕ್ಕ. ಕಚೇರಿ ಕೆಲಸ.”

“ಶುಕ್ರವಾರ ಕಚೇರಿಗೆ ಸೂಟಿ ಅಲ್ಲೇನ್ರಿ ಬಾಯೇರ?”

ನಿಜಾಮರ ಕಾಲ ಅದು. ವಾರದ ರಜೆ ಎಂದರೆ ಶುಕ್ರವಾರ. ಕಲಬುರಗಿಯ ಕಚೇರಿಗಳೆಲ್ಲ ಆ ದಿನ ಬಾಗಿಲು ಹಾಕುತ್ತಿದ್ದವು. ಟಾಂಗಾದ ಕುದುರೆಗಳೂ ಅವತ್ತು ಸ್ವಲ್ಪ ನಿಧಾನವಾಗಿ ಓಡುತ್ತಿದ್ದವು ಎಂದು ಹಳಬರು ಹೇಳುತ್ತಾರೆ. ಆದರೆ ಕಾರಕೂನ ಪಾಂಡುರಂಗರಾಯರು, “ಸೂಟಿ ಅನ್ನೋದು ಉಳಿದವರಿಗೆ. ಸಾಹೇಬರಿಗೆ ನಂಬಿಗಸ್ತ ಅಂದ್ರ ನಾ ಒಬ್ಬನೇ,” ಎಂದು ಹೆಂಡತಿಗೆ ಹೇಳಿಕೊಂಡು ಬಂದಿದ್ದರು. ಆಕೆ ನಂಬಿದ್ದರು. ಪ್ರತಿ ಗುರುವಾರ ರಾತ್ರಿ, ಪಾಪ ನಾಳೆಯೂ ದುಡಿಯಬೇಕಲ್ಲ ಎಂದು ತಲೆಗೆ ಎಣ್ಣೆ ಬೇರೆ ತಿಕ್ಕುತ್ತಿದ್ದರು.

ಈ ಶುಕ್ರವಾರವೂ ಹೊರಡಲು ರುಮಾಲು ಸುತ್ತುತ್ತಿದ್ದ ರಾಯರ ಮೂಗಿನ ಮುಂದೆ ಚೂರು ಬಂದು ನಿಂತಿತು.

“ಇದು ಯಾರ ಕೈಯಾಂದು?”

“ಕೈಯಾಂದಲ್ಲೇ! ಗುಮ್ಮಟದ್ದು. ಕಮಲಾಪುರದ ಆಚೆ, ಕೆರಿ ದಂಡಿ ಮ್ಯಾಲೆ ಒಂದು ಹಳೇ ಗುಮ್ಮಟ ಅದ. ಅದರ ಗ್ವಾಡಿಗೆ ನೀಲಿ ಹಂಚಿನ ಬಿಲ್ಲಿ ಹಚ್ಚ್ಯಾರ. ಅದರ ಚೂರು.”

“ಗುಮ್ಮಟಕ್ಕ ಯಾಕ ಹೋಗಿದ್ರಿ?”

ರಾಯರು ಸುತ್ತಿದ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದರು. ಏನು ಹೇಳುವುದು? ಆ ಗುಮ್ಮಟದ ಮೆಟ್ಟಿಲ ಮೇಲೆ ರುಮಾಲು ದಿಂಬು ಮಾಡಿ ಮಲಗುವುದು, ಎದ್ದು ಕೆರೆಯ ದಂಡೆಗುಂಟ ಬರಿಗಾಲಲ್ಲಿ ನಡೆಯುವುದು, ಕೆಂಪು ಬಾಳೆಹಣ್ಣು ತಿನ್ನುವುದು, ಯಾರ ಜೋಡಿಯೂ ಒಂದು ಮಾತೂ ಆಡದಿರುವುದು. ಸಮುದ್ರ ಕಾಣದ ರಾಯರಿಗೆ ಗಾಳಿಗೆ ಕಾಲು ತೊಯ್ಸುವ ಆ ನೀರೇ ಸಮುದ್ರ. ವಾರದ ಆರು ದಿನ ಸಾಹೇಬರ ಕೂಗು, ಪಕ್ಷಗಾರರ ಗದ್ದಲ, ಓಣಿಯ ಪಂಚಾಯಿತಿ. ಏಳನೆಯ ದಿನವೂ ಹೋಯಿತೆಂದರೆ ಬದುಕಿ ಏನು ಪ್ರಯೋಜನ?

“ಖರೇ ಇದ್ರ ತೋರಿಸ್ರಿ,” ಎಂದರು ಮಥುರಾಬಾಯಿ. “ಇವತ್ತೇ.”

“ನಾನೂ ಬರ್ತೀನಿ. ಸಾಕ್ಷಿ ಬೇಕಲ್ಲ,” ಎಂದರು ಶಿವಕಾಂತಮ್ಮ. ಹಾಗೆಂದು ತಮ್ಮ ಮನೆಗೆ ಓಡಿ ಬಾಗಿಲಿಗೆ ಹೇಳಿದರು: “ಬಾಗಲಾ, ನಾ ಕಮಲಾಪುರಕ್ಕ ಹೊಂಟೀನಂತ ಹೇಳು.”

ಒಳಗೆ ಕೂತಿದ್ದ ಅವರ ಗಂಡ, ಕಾಳಿನ ವ್ಯಾಪಾರಿ ಅಣವೀರಪ್ಪ, ಕಂಬದ ಕಡೆ ಮುಖ ಮಾಡಿ ಹೇಳಿದರು: “ಕಂಬಾ, ಒಬ್ಬಾಕಿನೇ ಹೋಗೂದು ಬ್ಯಾಡ, ನಾನೂ ಬರ್ತೀನಂತ ಹೇಳು.”

ಶಿವಕಾಂತಮ್ಮನ ತವರಿನಿಂದ ಬಂದ ಎಮ್ಮೆಯನ್ನು ಅಣವೀರಪ್ಪ ಕೇಳದೆ ಮಾರಿದ ದಿನದಿಂದ ಗಂಡಹೆಂಡಿರ ಮಾತು ನಿಂತಿತ್ತು. ಆರು ತಿಂಗಳಿಂದ ಆ ಮನೆಯ ಸಂಸಾರ ನಡೆಸಿದ್ದು ಬಾಗಿಲು, ಕಂಬ, ಗೋಡೆಗಳು.

ಬಾಡಿಗೆ ಓಡಿಸುವ ಮಕ್ಸೂದನ ಮೋಟಾರು ನಾಲ್ವರನ್ನೂ ಹತ್ತಿಸಿಕೊಂಡು ಕಮಲಾಪುರದ ದಾರಿ ಹಿಡಿಯಿತು. ಮೋಟಾರು ಅನ್ನುವುದು ಮರ್ಯಾದೆಯ ಮಾತು. ಏರು ಬಂದಲ್ಲಿ ಜನ ಇಳಿದು ನೂಕಬೇಕು, ಇಳಿವು ಬಂದಲ್ಲಿ ದೇವರನ್ನು ನೆನೆಯಬೇಕು. ರಾಯರು ಎರಡು ಕಡೆ ಕೋಟು ಬಿಚ್ಚಿ ನೂಕಿದರು. ಮೂರನೆಯ ಏರಿನಲ್ಲಿ ಮಕ್ಸೂದ್ ಹಲ್ಲು ಕಿರಿದ. “ಯಾಕ್ರೀ ರಾವ್‌ಸಾಬ್, ದರ ಶುಕ್ರವಾರ ಹಾಡ್ಕೋತ ನೂಕ್ತಿದ್ರಿ. ಇವತ್ತ ಮಯ್ಯತ್‌ಗೆ, ಹೆಣದ ಹಿಂದ ಹೊಂಟೋರಂಗ ಮಾರಿ ಮಾಡೀರಿ!”

ಗುಮ್ಮಟ ಕಂಡಿತು. ಗೋಡೆಯ ಮೇಲೆ ಅಲ್ಲೊಂದು ಇಲ್ಲೊಂದು ನೀಲಿ ಬಿಲ್ಲೆ. ಮಥುರಾಬಾಯಿ ಚೂರನ್ನು ಹಿಡಿದು ನೋಡಿದರು, ಅದೇ ನೀಲಿ. ಅವರ ಮುಖ ಅರಳಿತು. ರಾಯರ ಎದೆಯ ಮೇಲಿನ ಕಲ್ಲು ಇಳಿಯಿತು, ಮರುಗಳಿಗೆಗೆ ಇನ್ನೂ ದೊಡ್ಡದು ಬಂದು ಕೂತಿತು.

“ಒಳಗ ಗೋರಿ ಅದೇನ್ರೀ?”

“ಇಲ್ಲ. ಯಾವನೋ ಸರದಾರ ತನಗಂತ ಕಟ್ಟಿಸಿದ್ದನಂತ. ಯುದ್ಧಕ್ಕ ಹೋದಾಂವ ವಾಪಸ ಬರಲಿಲ್ಲ. ಖಾಲಿ ಅದ.”

“ಎಷ್ಟು ತಂಪು ಅದರೀ! ಶಿವಕಾಂತಮ್ಮಾ, ಇನ್ನ ದರ ಶುಕ್ರವಾರ ಬುತ್ತಿ ಕಟಗೊಂಡು ಇಲ್ಲಿಗೇ ಬರೂಣು.”

“ನಮ್ಮ ಓಣಿ ಹೆಂಗಸರಿಗೆಲ್ಲಾ ಹೇಳ್ತೀನಿ ತಡೀರಿ.”

ಓಣಿಯೆಲ್ಲ ಇಲ್ಲಿಗೇ ಬಂದರೆ ರಾಯರ ಶುಕ್ರವಾರ ಮುಗಿದಂತೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. “ಬ್ಯಾಡ್ರಿ! ಈ ಜಾಗಾ ಛೊಲೋದಲ್ಲ. ಗಂಡಹೆಂಡ್ತಿ ಕೂಡಿ ಒಳಗ ಹೋದ್ರ ಹೊಟ್ಟ್ಯಾಗಿನ ಸಿಟ್ಟೆಲ್ಲಾ ಹೊರಗ ಬಂದು ಜಗಳ ಆಗ್ತದಂತ. ಅದಕ್ಕ ನಾ ಒಬ್ಬನೇ ಬರ್ತಿದ್ದೆ.”

“ಮಾತೇ ಇಲ್ಲದವರಿಗೆ ಜಗಳ ಎಲ್ಲಿಂದ್ರಿ?” ಎಂದು ಶಿವಕಾಂತಮ್ಮ ಒಳಗೆ ಹೋದರು. ಅಣವೀರಪ್ಪ ಹಿಂದೆಯೇ ನುಗ್ಗಿದರು, ರೂಢಿಯಂತೆ ಗೋಡೆಗೆ ಹೇಳಿದರು: “ಗ್ವಾಡೀ, ಹಾವು ಹುಳ ಇದ್ದೀತು, ಹುಷಾರಂತ ಹೇಳು!”

“ಹುಷಾರಂತ ಹೇಳು… ಹೇಳು… ಹೇಳು…” ಎಂದಿತು ಗೋಡೆ.

ಅಣವೀರಪ್ಪ ಹೌಹಾರಿದರು. ಆರು ತಿಂಗಳು ಎಷ್ಟೋ ಗೋಡೆಗಳಿಗೆ ಕೆಲಸ ಹೇಳಿದ್ದರು. ಹೇಳಿದ ಕೆಲಸ ಮಾಡಿದ ಮೊದಲ ಗೋಡೆ ಇದು.

ಶಿವಕಾಂತಮ್ಮನಿಗೂ ಧೈರ್ಯ ಬಂತು. “ಗ್ವಾಡೀ, ನಮ್ಮ ತವರಮನಿ ಎಮ್ಮಿ ಯಾಕ ಮಾರಿದ್ರಂತ ಕೇಳು!”

“ಕೇಳು… ಕೇಳು… ಕೇಳು…” ಗುಮ್ಮಟ ಬಿಡಲೊಲ್ಲದು, ಪೊಲೀಸರಂತೆ ಬೆನ್ನು ಹತ್ತಿತು.

“ಅದು ನಿನ್ನ ಒದೀತಿತ್ತಲ್ಲೇ!” ಎಂದು ಅಣವೀರಪ್ಪ ಒಮ್ಮೆಲೇ ಕೂಗಿದರು. “ಎರಡ ಸರ್ತಿ ಕೈ ಉಬ್ಬಿಸಿಕೊಂಡು ಕುಂತಿದ್ದಿ. ಅದಕ್ಕ ಮಾರಿದೆ!”

“ಮಾರಿದೆ… ಮಾರಿದೆ…”

ಹೊರಗೆ ರಾಯರು ಖುಷಿಯಿಂದ ತೊಡೆ ತಟ್ಟಿದರು. “ಕೇಳಿದೇನ? ನಾ ಹೇಳಿದ್ದಿಲ್ಲ? ಜಗಳ ಸುರು ಆತು!”

ಒಳಗಿನಿಂದ ಮೂಗೊರೆಸುವ ಸದ್ದು ಏಳು ಸಲ ಕೇಳಿತು. ಆಮೇಲೆ ನಗು. ಗುಮ್ಮಟ ಆ ನಗುವನ್ನು ಹಿಡಿದು ಊರಿಗೆಲ್ಲ ಹಂಚಿತು. ಗಂಡಹೆಂಡಿರು ಹೊರಗೆ ಬಂದಾಗ ಹೊಸ ಮದುಮಕ್ಕಳಂತೆ ನೆಲ ನೋಡುತ್ತಿದ್ದರು.

“ಎಂಥಾ ಜಾಗಾ ತೋರಿಸಿದ್ರಿ ರಾಯರ!” ಅಣವೀರಪ್ಪ ಕೈ ಹಿಡಿದರು. “ಇಡೀ ಬಜಾರಕ್ಕ ಹೇಳ್ತೀನಿ.”

ರಾಯರು ಕೆರೆಯ ದಂಡೆಗೆ ಹೋಗಿ ಕೂತರು. ನೀರು ಎಂದಿನಂತೆ ಕಾಲು ಮುಟ್ಟಿ ಹೋಯಿತು. ಮಥುರಾಬಾಯಿ ಬಂದು ಪಕ್ಕದಲ್ಲಿ ಕೂತು, ಒಂದು ಬಾಳೆಹಣ್ಣು ಸುಲಿದು ಕೊಟ್ಟು ಮೆಲ್ಲಗೆ ಕೇಳಿದರು. “ಎಷ್ಟು ದಿನದಿಂದ ಬರ್ತೀರಿ ಇಲ್ಲಿ?”

ಹಣ್ಣಿನ ರುಚಿಯಲ್ಲಿ ರಾಯರು ಮೈಮರೆತರು. “ದಿನ ಅಲ್ಲೇ, ಮೂರು ವರ್ಷ ಆತು. ಒಂದು ಶುಕ್ರವಾರ ತಪ್ಪಿಲ್ಲ.”

“ಹೌದಾ,” ಎಂದರು ಮಥುರಾಬಾಯಿ.

ಸಂಜೆ ಕಲಬುರಗಿ ಮುಟ್ಟಿದಾಗ ಅಣವೀರಪ್ಪ ಬಜಾರಿನಲ್ಲೇ ಇಳಿದರು. ಗೋರಿ ಇರದಿದ್ದರೂ ಗುಮ್ಮಟದ ಮೈಲಿಗೆ ಮೈಲಿಗೆಯೇ ಎಂದು ಉಳಿದವರು ಊರ ಹೊರಗಿನ ಬಾವಿಯಲ್ಲಿ ಸ್ನಾನ ಮಾಡಿ, ಮಡಿಯಾಗಿ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲು ಬಂದಿತ್ತು. ಕಟ್ಟೆಯ ಮೇಲೆ ಕಚೇರಿಯ ಪೇಶಕಾರ ಸಾಹೇಬರೇ ಕೂತಿದ್ದರು! ರಾಯರು ಅವಸರದಿಂದ ರುಮಾಲು ಸರಿಮಾಡಿಕೊಂಡರು. ಸಾಹೇಬರು ಅತ್ತಿತ್ತ ನೋಡಿ ಪಿಸುಗುಟ್ಟಿದರು.

“ರಾವ್‌ಜಿ, ನಮ್ಮ ದಿಲ್ಶಾದ್ ಬೇಗಂ ಈದ್‌ನಿಂದ ಮಾತು ಬಿಟ್ಟಾರ. ಬರೋ ಜುಮ್ಮಾ ನಮ್ಮನ್ನ ಕರಕೊಂಡು ಹೋಗ್ರಿ. ಮುಂದಿನ ಜುಮ್ಮಾ ನಾಜರ್ ಸಾಹೇಬರು. ಅದರ ಮುಂದ ವಕೀಲರು. ನೀವೇ ಮುಂದ ನಿಂತು ತೋರಿಸಬೇಕು. ಇದು ಹುಕುಂ ಅಂತ ತಿಳೀರಿ.”

ಮೂರು ವರ್ಷ ಸುಳ್ಳೇ ಹೇಳಿದ ಶುಕ್ರವಾರದ ಕಚೇರಿ ಕೆಲಸ ಈಗ ಖರೇ ಆಯಿತು. ರಾಯರು ತಲೆಯಾಡಿಸಿ ಒಳಗೆ ಬಂದರು.

“ಕೇಳಿದೇನ ಸಾಹೇಬರ ಮಾತು?”

ಮಥುರಾಬಾಯಿ ಅಕ್ಕಿ ಆರಿಸುತ್ತಿದ್ದರು. ಒಂದು ಕಲ್ಲು ಹೆಕ್ಕಿ ಅತ್ತ ಎಸೆದರು.

“ಒಂದು ತಂಬಗಿ ನೀರು ಕೊಡ.”

ತಂಬಿಗೆ ಬಂತು, ಮಾತು ಬರಲಿಲ್ಲ. ಆಗ ನೆನಪಾಯಿತು: ಕೆರೆಯ ದಂಡೆ ಬಿಟ್ಟಾಗಿನಿಂದ, ಅಷ್ಟೂ ದಾರಿ, ಆಕೆ ತುಟಿ ಬಿಚ್ಚಿರಲಿಲ್ಲ. ಮೂರು ವರ್ಷದ ಗುರುವಾರಗಳ ಎಣ್ಣೆಯೆಲ್ಲ ಒಮ್ಮೆಲೇ ತಲೆಯಿಂದ ಇಳಿದು ಕಣ್ಣಿಗೆ ಬಂದಂತಾಯಿತು ರಾಯರಿಗೆ.

ಬರಿಗಾಲಲ್ಲೇ ಬೀದಿಗೆ ಓಡಿದರು. ತಿರುವಿನಲ್ಲಿ ಮಕ್ಸೂದ್ ಮೋಟಾರಿಗೆ ನೀರು ಹಾಕುತ್ತಿದ್ದ.

“ಮಕ್ಸೂದ್, ಬರೋ ಶುಕ್ರವಾರ ನನಗೂ ನಮ್ಮಾಕಿಗೂ ಎರಡು ಜಾಗಾ ಬೇಕಪ್ಪಾ!”

“ತಮಗ ಅದ ರಾವ್‌ಸಾಬ್, ನೂಕಾಕ ಬೇಕಲ್ಲ,” ಎಂದ ಮಕ್ಸೂದ್ ಮರುಕದಿಂದ. “ಬಜಾರದವರು ಎಲ್ಲಾ ಹಿಡದಾರ, ಬಾಯೇರಿಗೆ ರಮಜಾನ್ ಮುಗಿಯೂ ತನಕ ಜಾಗಾ ಇಲ್ಲ.”